ಅಜ್ಜಿಯ ಮುಖ ಎಷ್ಟು ನಿಜವಿರಬೇಕು? ಅನಿಮೇಷನ್ ಕಿರುಚಿತ್ರಕ್ಕೆ ಶೈಲಿ ಗೊತ್ತುಮಾಡುವ ಬಗೆ

ಕೊಪ್ಪಳ ಜಿಲ್ಲೆಯ ಗಂಗಾವತಿಯಲ್ಲಿ, ಒಂದು ಮನೆಯ ಪಡಸಾಲೆಯಲ್ಲಿ ಕುಳಿತು, ಇದ್ದ ಒಂದೇ ಕಂಪ್ಯೂಟರಿನಲ್ಲಿ ನಾವು ಮೂವರು ನಾಲ್ಕು ನಿಮಿಷದ ಅನಿಮೇಷನ್ ಕಿರುಚಿತ್ರ ಮಾಡಲು ಹೊರಟೆವು. ಕಥೆ ಸಣ್ಣದು. ಅಜ್ಜಿಯೊಬ್ಬಳು ಅಂಗಳದಲ್ಲಿ ಕುಳಿತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಾಳೆ, ಮೊಮ್ಮಗಳು ಅಕ್ಕಿಯಲ್ಲಿ ಸಿಕ್ಕ ಹರಳುಗಳನ್ನು ಜೋಡಿಸಿ ಆಡುತ್ತಾಳೆ. ಅಜ್ಜಿ ನಿಜವಾದ ಅಜ್ಜಿಯ ಹಾಗೆ ಕಾಣಬೇಕೋ ಕಾರ್ಟೂನಿನ ಹಾಗೆ ಕಾಣಬೇಕೋ ಎಂಬ ಪ್ರಶ್ನೆ ಮೊದಲ ದಿನವೇ ಎದ್ದಿತು. ಅದಕ್ಕೆ ನಾವು ಯೋಚಿಸದೆ ಕೊಟ್ಟ ಉತ್ತರದಿಂದ ಎರಡು ತಿಂಗಳ ಕೆಲಸ ಹಾಳಾಯಿತು. ಅದೇ ಪ್ರಶ್ನೆಯ ಮುಂದೆ ಇಂದು ನಿಂತಿರುವವರಿಗೆ ಆ ಎರಡು ತಿಂಗಳು ಉಳಿಯಲಿ ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಲ ನಾವು ನೈಜ ಶೈಲಿಯನ್ನು ಆರಿಸಿಕೊಂಡೆವು. ಚರ್ಮದ ರಂಧ್ರ, ಕೆನ್ನೆಯ ಸುಕ್ಕು, ತುಟಿಯ ಬಿರುಕು, ನರೆಗೂದಲು ಎಲ್ಲವನ್ನೂ ಫೋಟೊಗಳನ್ನು ನೋಡಿ ಕೂಡಿಸಿದೆವು. ನಿಂತ ಚಿತ್ರವಾಗಿ ಆ ಮುಖ ಚೆನ್ನಾಗಿಯೇ ಇತ್ತು. ಅಜ್ಜಿ ತಲೆಯೆತ್ತಿ ಮೊಮ್ಮಗಳನ್ನು ನೋಡುವ ಹತ್ತು ಸೆಕೆಂಡಿನ ದೃಶ್ಯವನ್ನು ನಮ್ಮ ದೊಡ್ಡವ್ವನಿಗೆ ತೋರಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಈಕಿಗೆ ಆರಾಮಿಲ್ಲೇನಪಾ? ಕಣ್ಣು ಯಾಕ ಹಂಗದಾವು?” ಎಂದು ಕೇಳಿದರು.

ಅವರ ಮನಸ್ಸಿಗೆ ಆದದ್ದನ್ನು ಜಪಾನಿನ ರೋಬೊ ತಜ್ಞ ಮಸಾಹಿರೊ ಮೋರಿ 1970ರಲ್ಲೇ ಒಂದು ಚಿಕ್ಕ ಪ್ರಬಂಧದಲ್ಲಿ ವಿವರಿಸಿದ್ದರು. ವಸ್ತುವೊಂದು ಮನುಷ್ಯನನ್ನು ಹೋಲುತ್ತ ಹೋದಂತೆ ಅದರ ಮೇಲಿನ ನಮ್ಮ ಅಕ್ಕರೆ ಹೆಚ್ಚುತ್ತದೆ, ಆದರೆ ಬಹುಪಾಲು ಹೋಲಿಯೂ ಪೂರ್ತಿ ಹೋಲದೆ ಉಳಿದ ಒಂದು ಘಟ್ಟದಲ್ಲಿ ಆ ಅಕ್ಕರೆ ಥಟ್ಟನೆ ಕುಸಿದು ಅಳುಕಾಗಿ ಮಾರ್ಪಡುತ್ತದೆ ಎಂಬುದು ಅವರ ಮಾತು. ಆ ಕುಸಿತವನ್ನು ಅವರು ಕಣಿವೆ ಎಂದು ಕರೆದರು. ಅದೇ ಪ್ರಬಂಧದಲ್ಲಿ ಅವರು ಹೇಳಿದ ಇನ್ನೊಂದು ಸಂಗತಿ ಅನಿಮೇಷನ್ ಮಾಡುವವರಿಗೆ ಇದಕ್ಕಿಂತ ಮುಖ್ಯವಾದದ್ದು: ಚಲನೆ ಸೇರಿಕೊಂಡಾಗ ಈ ಕಣಿವೆ ಇನ್ನಷ್ಟು ಆಳವಾಗುತ್ತದೆ. ಸ್ತಬ್ಧ ಚಿತ್ರದಲ್ಲಿ ಒಪ್ಪಿಗೆಯಾದ ನಮ್ಮ ಅಜ್ಜಿ ತಲೆಯೆತ್ತಿದೊಡನೆ ಕಾಯಿಲೆಯವಳಂತೆ ಕಂಡದ್ದು ಇದರಿಂದಲೇ.

ಒಂದು ಪ್ರಶ್ನೆಯನ್ನು ನಾಲ್ಕಾಗಿ ಒಡೆಯಿರಿ

ನೈಜವೋ ಕಾರ್ಟೂನೋ ಎಂದು ಒಟ್ಟಾಗಿ ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ಆಕಾರ, ಮೇಲ್ಮೈ, ಬೆಳಕು, ಚಲನೆ ಈ ನಾಲ್ಕಕ್ಕೂ ಬೇರೆಬೇರೆಯಾಗಿ ಕೇಳಿಕೊಳ್ಳಬೇಕು, ಏಕೆಂದರೆ ಒಂದೇ ಚಿತ್ರದಲ್ಲಿ ಈ ನಾಲ್ಕೂ ಒಂದೇ ಮಟ್ಟದಲ್ಲಿ ಇರಬೇಕಾಗಿಲ್ಲ, ದೊಡ್ಡ ಸ್ಟುಡಿಯೋಗಳ ಚಿತ್ರಗಳಲ್ಲಿಯೂ ಇರುವುದಿಲ್ಲ. 2003ರ ‘ಫೈಂಡಿಂಗ್ ನೀಮೊ’ ಮಾಡುವಾಗ ಪಿಕ್ಸಾರ್ ತಂಡದವರು ಸಮುದ್ರದ ನೀರನ್ನು ನಿಜವಾದ ನೀರಿನಿಂದ ಬೇರ್ಪಡಿಸಿ ಗುರುತಿಸಲಾಗದಷ್ಟು ನೈಜವಾಗಿ ಮಾಡಿ ನೋಡಿದ ಮೇಲೆ, ಗುಂಡು ಕಣ್ಣಿನ ಮೀನುಗಳಿಗೆ ಅದು ಹೊಂದುವುದಿಲ್ಲವೆಂದು ಕಂಡುಕೊಂಡು, ಬೇಕೆಂದೇ ಒಂದು ಹೆಜ್ಜೆ ಹಿಂದೆ ಬಂದರು. ಮಾಡಲು ಬರುತ್ತದೆ ಎಂಬುದು ಮಾಡಲು ಸಾಕಾದ ಕಾರಣವಲ್ಲ ಎಂದು ತಿಳಿದಿದ್ದವರ ತೀರ್ಮಾನ ಅದು.

ಒಂದು ಹಾಳೆಯಲ್ಲಿ ಈ ನಾಲ್ಕು ಹೆಸರುಗಳನ್ನು ಬರೆದು, ಪ್ರತಿಯೊಂದರ ಮುಂದೆ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕ ಹಾಕಿ. ಸೊನ್ನೆಯೆಂದರೆ ಗೋಡೆಯ ಮೇಲೆ ಮಕ್ಕಳು ಬರೆದ ಚಿತ್ರ, ಹತ್ತೆಂದರೆ ಕ್ಯಾಮೆರಾದಲ್ಲಿ ಸೆರೆಹಿಡಿದ ದೃಶ್ಯ. ಇಲ್ಲಿ ನಾನು ಬಿಡದೆ ಪಾಲಿಸುವ ನಿಯಮ ಒಂದೇ: ಮೇಲ್ಮೈಯ ಅಂಕ ಚಲನೆಯ ಅಂಕವನ್ನು ಎಂದಿಗೂ ಮೀರಬಾರದು. ಚರ್ಮದ ರಂಧ್ರ ಕಾಣುವಷ್ಟು ನಿಜವಾದ ಮುಖವನ್ನು ನೋಡಿದ ಕಣ್ಣು, ಆ ಮುಖದ ರೆಪ್ಪೆ, ತುಟಿ, ಗಂಟಲುಗಳೆಲ್ಲ ಅಷ್ಟೇ ನಿಜವಾಗಿ ಅಲುಗಲಿ ಎಂದು ಕಾಯುತ್ತದೆ. ಅದನ್ನು ಕೊಡಲು ನೂರಾರು ಜನರ ತಂಡಕ್ಕೂ ಕಷ್ಟವಾಗಿದೆ. 2001ರ ‘ಫೈನಲ್ ಫ್ಯಾಂಟಸಿ’ ಚಿತ್ರದ ನಾಯಕಿಯ ತಲೆಗೆ ಸುಮಾರು 60,000 ಕೂದಲೆಳೆಗಳಿದ್ದವು, ಆದರೂ ಜನ ಆಕೆಯನ್ನು ಜೀವಂತವೆಂದು ಒಪ್ಪಲಿಲ್ಲ, ಹಾಕಿದ ಹಣವೂ ಹಿಂದಿರುಗಲಿಲ್ಲ. 2004ರ ನವೆಂಬರಿನಲ್ಲಿ ಅಮೆರಿಕದಲ್ಲಿ ಎರಡು ಚಿತ್ರಗಳು ಒಂದರ ಬೆನ್ನಿಗೆ ಒಂದು ಬಂದವು. ನಟರ ಚಲನೆಯನ್ನೇ ಸೆರೆಹಿಡಿದು ಮಾಡಿದ ‘ದಿ ಪೋಲಾರ್ ಎಕ್ಸ್‌ಪ್ರೆಸ್’ನ ಮಕ್ಕಳ ಕಣ್ಣುಗಳು ನಿರ್ಜೀವವಾಗಿವೆ ಎಂದು ವಿಮರ್ಶಕರು ಬರೆದರೆ, ದಪ್ಪ ಎದೆ, ಸಣ್ಣ ಕಾಲು, ಸುಕ್ಕಿಲ್ಲದ ಚರ್ಮದ ‘ದಿ ಇನ್‌ಕ್ರೆಡಿಬಲ್ಸ್’ನ ಕುಟುಂಬದ ಜಗಳವನ್ನು ನೋಡಿದವರು ಅದನ್ನು ತಮ್ಮ ಮನೆಯದೆಂದೇ ನೋಡಿದರು.

ಎರಡನೆಯ ಸಲ ನಮ್ಮ ಹಾಳೆಯಲ್ಲಿ ಅಜ್ಜಿಯ ಆಕಾರಕ್ಕೆ ಮೂರು, ಮೇಲ್ಮೈಗೆ ಎರಡು, ಬೆಳಕಿಗೆ ಏಳು, ಚಲನೆಗೆ ಏಳು ಅಂಕಗಳಿದ್ದವು. ಮುಂದೆ ಬರುವುದೆಲ್ಲ ಈ ಅಂಕಗಳನ್ನು ಕೆಲಸಕ್ಕೆ ಇಳಿಸಿದ ಬಗೆ.

ಆಕಾರ

ಏನನ್ನು ಹಿಗ್ಗಿಸಬೇಕು, ಏನನ್ನು ಬಿಡಬೇಕು ಎಂಬುದನ್ನು ಕಲಿಯಲು ನಮ್ಮ ಸೀಮೆಯವರು ದೂರ ಹೋಗಬೇಕಾಗಿಲ್ಲ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ತೊಗಲುಗೊಂಬೆಯಾಟಕ್ಕೆ, ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಬದುಕಿನುದ್ದಕ್ಕೂ ಆಡಿಸಿದ್ದೂ ಅದೇ ಗೊಂಬೆಗಳನ್ನು. ನಮ್ಮ ತೊಗಲುಗೊಂಬೆಗಳಲ್ಲಿ ರಾಜರೂ ದೇವರೂ ದೊಡ್ಡ ಗಾತ್ರದಲ್ಲಿರುತ್ತಾರೆ, ಸಾಮಾನ್ಯರು ಚಿಕ್ಕ ಗಾತ್ರದಲ್ಲಿರುತ್ತಾರೆ. ನಿಜ ಜೀವನದಲ್ಲಿ ರಾಜನ ಎತ್ತರಕ್ಕೂ ಸೇವಕನ ಎತ್ತರಕ್ಕೂ ಅಷ್ಟು ಅಂತರವಿರುವುದಿಲ್ಲ, ಆದರೆ ಕಥೆಯಲ್ಲಿ ಅವರಿಗಿರುವ ತೂಕದ ಅಂತರವನ್ನು ಗೊಂಬೆಯ ಅಳತೆಯೇ ಹೇಳಿಬಿಡುತ್ತದೆ. ಕಾರ್ಟೂನ್ ಶೈಲಿಯೆಂದರೆ ಇದೇ. ಕಥೆಗೆ ಬೇಕಾದದ್ದನ್ನು ಅಳತೆಯಲ್ಲೇ ಹೇಳುವ ಈ ಕ್ರಮವನ್ನು ನೈಜತೆ ಸಾಧ್ಯವಾಗದವರ ಕೆಲಸವೆಂದು ಭಾವಿಸುವುದು ತಪ್ಪು.

ಆದ್ದರಿಂದ ಕಥೆ ಎಲ್ಲಿದೆ ಎಂದು ಮೊದಲು ನೋಡಿಕೊಳ್ಳಿ. ನಮ್ಮ ಕಥೆ ಅಜ್ಜಿಯ ಕೈಯಲ್ಲಿತ್ತು, ಹಾಗಾಗಿ ಅಂಗೈಯನ್ನೂ ಬೆರಳುಗಳನ್ನೂ ಸಹಜ ಅಳತೆಗಿಂತ ಒಂದೂವರೆ ಪಟ್ಟು ದೊಡ್ಡದು ಮಾಡಿದೆವು. ವಯಸ್ಕ ಮನುಷ್ಯನ ಎತ್ತರ ಅವನ ತಲೆಯ ಸುಮಾರು ಏಳೂವರೆ ಪಟ್ಟು ಇರುತ್ತದೆ, ನಮ್ಮ ಅಜ್ಜಿಯ ಎತ್ತರವನ್ನು ನಾಲ್ಕು ತಲೆಗೆ ಇಳಿಸಿದೆವು, ಮೊಮ್ಮಗಳದನ್ನು ಎರಡೂವರೆಗೆ. ಮಾಡೆಲ್ ಮುಗಿದ ಮೇಲೆ ಇಡೀ ಪಾತ್ರಕ್ಕೆ ಕಪ್ಪು ಬಣ್ಣ ತುಂಬಿ, ತೊಗಲುಗೊಂಬೆಯ ನೆರಳನ್ನು ನೋಡುವ ಹಾಗೆ ಹೊರಗೆರೆಯನ್ನು ಮಾತ್ರ ನೋಡಿ. ಬೆನ್ನು ಬಾಗಿದೆ, ಕೈಯಲ್ಲಿ ಮೊರವಿದೆ, ತಲೆಯ ಮೇಲೆ ಸೆರಗಿದೆ ಎಂಬುದು ಆ ಕಪ್ಪು ಆಕಾರದಲ್ಲಿಯೇ ತಿಳಿಯದಿದ್ದರೆ ಬಣ್ಣ ಹಚ್ಚಿದ ಮೇಲೂ ತಿಳಿಯುವುದಿಲ್ಲ.

ಕಣ್ಣಿನ ಬಗ್ಗೆ ಒಂದು ಎಚ್ಚರಿಕೆ. ಕಾರ್ಟೂನಿನ ದೊಡ್ಡ ಕಣ್ಣು ಸರಳ ಮುಖದಲ್ಲಿ ಮುದ್ದಾಗಿ ಕಾಣುತ್ತದೆ, ಅದೇ ಕಣ್ಣನ್ನು ರಂಧ್ರ ಸುಕ್ಕುಗಳಿರುವ ನೈಜ ಚರ್ಮದ ನಡುವೆ ಕೂರಿಸಿದರೆ ಮೈ ಜುಮ್ಮೆನ್ನುತ್ತದೆ. ಆಕಾರವೂ ಮೇಲ್ಮೈಯೂ ಸ್ವಲ್ಪ ಬೇರೆಯಾಗಬಹುದೆಂದು ಮೇಲೆ ಹೇಳಿದ್ದೇನೆ, ಆದರೆ ಮುಖದ ಮಟ್ಟಿಗೆ ಆ ಸಲುಗೆ ಬಹಳ ಕಡಿಮೆ.

ಮೇಲ್ಮೈ

1995ರ ‘ಟಾಯ್ ಸ್ಟೋರಿ’ ಪೂರ್ತಿ ಕಂಪ್ಯೂಟರಿನಲ್ಲಿಯೇ ಮಾಡಿದ ಮೊದಲ ಪೂರ್ಣಾವಧಿ ಚಿತ್ರ. ಅಂದಿನ ಕಂಪ್ಯೂಟರಿನಲ್ಲಿ ಏನು ಮಾಡಿದರೂ ಪ್ಲಾಸ್ಟಿಕ್ಕಿನ ಹಾಗೆ ಕಾಣುತ್ತಿತ್ತು, ಆಟಿಕೆಗಳ ಕಥೆಯಲ್ಲಿ ಆ ಕೊರತೆಯೇ ಹೊಂದಿಕೊಂಡಿತು. ಇಂದು ಬ್ಲೆಂಡರಿನಂಥ ಉಚಿತ ತಂತ್ರಾಂಶದಲ್ಲಿಯೂ ಬೆಳಕು ಚರ್ಮದ ಒಳಹೊಕ್ಕು ಚದುರಿ ಹೊರಬರುವ ಲೆಕ್ಕ ಸಿದ್ಧವಾಗಿ ಸಿಗುತ್ತದೆ. ಅದನ್ನು ಪೂರ್ತಿ ಬಿಡಬೇಡಿ, ಕಿವಿಯ ಅಂಚಿಗೂ ಬೆರಳ ತುದಿಗೂ ಅಲ್ಪ ಪ್ರಮಾಣದಲ್ಲಿ ಕೊಟ್ಟರೆ ಸರಳ ಮುಖಕ್ಕೂ ರಕ್ತ ಹರಿಯುವ ಬೆಚ್ಚಗಿನ ಭಾವ ಬರುತ್ತದೆ. ರಂಧ್ರಗಳನ್ನೂ ಸಣ್ಣ ರೋಮಗಳನ್ನೂ ಮಾತ್ರ ಬಿಡಿ.

ಕಿನ್ನಾಳದ ಕುಶಲಕರ್ಮಿಗಳು ಹಗುರ ಮರದ ಗೊಂಬೆಗೆ ಹುಣಸೆಬೀಜದ ಅಂಟು ಮತ್ತು ಮರದ ಹೊಟ್ಟು ಸೇರಿದ ಸರಿಯನ್ನು ಮೆತ್ತಿ, ನಯಗೊಳಿಸಿ, ಅದರ ಮೇಲೆ ಬಣ್ಣ ಬಳಿಯುತ್ತಾರೆ. ಮರದ ಗೆರೆ ಮುಚ್ಚಿಹೋಗುತ್ತದೆ. ಉಳಿಯುವುದು ತುಂಬು ಬಣ್ಣ, ಸ್ಪಷ್ಟವಾದ ಹುಬ್ಬು, ಅಗಲವಾದ ಕಣ್ಣು. ನಮ್ಮ ಅಜ್ಜಿಗೂ ಇದೇ ಕ್ರಮವನ್ನು ಅನುಸರಿಸಿ, ನೂರು ಸುಕ್ಕುಗಳ ಬದಲು ಐದೇ ಗೆರೆಗಳನ್ನು ಉಳಿಸಿಕೊಂಡೆವು: ಹಣೆಯಲ್ಲಿ ಎರಡು, ಕಣ್ಣಿನ ಬದಿಗೆ ಒಂದೊಂದು, ಗಲ್ಲದ ಮೇಲೆ ಒಂದು. ನಗುವಾಗ ಈ ಐದೂ ಅಲುಗಬೇಕು, ಅಲುಗಿಸಲಾಗದ ಗೆರೆಯನ್ನು ಬರೆಯಲೇಬಾರದು. ಸುಕ್ಕು ಎಷ್ಟಿರಬೇಕೆಂಬ ಲೆಕ್ಕವನ್ನು ರಿಗ್ (ಪಾತ್ರವನ್ನು ಅಲುಗಿಸಲು ಒಳಗೆ ಕೂರಿಸುವ ಎಲುಬುಗೂಡು) ಮಾಡುವವರನ್ನು ಕೇಳಿ ತೀರ್ಮಾನಿಸಿ, ಟೆಕ್ಸ್ಚರ್ (ಮೇಲ್ಮೈಗೆ ಹೊದಿಸುವ ಬಣ್ಣ, ಗೆರೆಗಳ ಚಿತ್ರ) ಮಾಡುವವರನ್ನು ಕೇಳಿ ಅಲ್ಲ.

ಸೀರೆ ಸಣ್ಣ ತಂಡಗಳನ್ನು ಸೋಲಿಸುವ ವಸ್ತು. ಆರು ಗಜದ ಬಟ್ಟೆಯ ಮಡಿಕೆಗಳನ್ನೆಲ್ಲ ಕಂಪ್ಯೂಟರಿನಿಂದ ಲೆಕ್ಕ ಹಾಕಿಸಿದರೆ ಬಟ್ಟೆ ಮೈಯೊಳಗೆ ಹೊಕ್ಕು ತೂರಿ ಬರುತ್ತದೆ, ಪ್ರತಿ ದೃಶ್ಯಕ್ಕೂ ಹೊಸ ತೊಡಕು ಹುಟ್ಟುತ್ತದೆ. ಕುಳಿತ ಅಜ್ಜಿಯ ಸೀರೆಯನ್ನು ಮೈಗೆ ಅಂಟಿದ ಗಟ್ಟಿ ಆಕಾರವಾಗಿಯೇ ಮಾಡಿ, ಇಳಕಲ್ ಸೀರೆಯ ಕೆಂಪು ಅಂಚನ್ನು ಸ್ಪಷ್ಟವಾಗಿ ಬರೆದು, ಸೆರಗಿನ ಒಂದು ಮೊಳಕ್ಕೆ ಮಾತ್ರ ಗಾಳಿಯ ಅಲುಗಾಟ ಕೊಡಿ.

ಬೆಳಕು

ಆಕಾರವೂ ಮೇಲ್ಮೈಯೂ ಸರಳವಾಗಿರುವಾಗ ಬೆಳಕನ್ನು ಮಾತ್ರ ಧೈರ್ಯವಾಗಿ ನೈಜತೆಯ ಕಡೆಗೆ ಒಯ್ಯಬಹುದು, ಏಕೆಂದರೆ ಬೆಳಕು ನಿಜವಾದಷ್ಟೂ ಪಾತ್ರ ಆ ನೆಲದ ಮೇಲೆಯೇ ಕುಳಿತಿದೆ ಎಂಬ ನಂಬಿಕೆ ಬೆಳೆಯುತ್ತದೆ, ಅಳುಕು ಹುಟ್ಟುವುದಿಲ್ಲ. ನಮ್ಮ ಸೀಮೆಯ ಬಿಸಿಲನ್ನು ಗಮನಿಸಿ ನೋಡಿ. ಗಂಗಾವತಿ ಸುಮಾರು ಹದಿನೈದೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಮೇ ತಿಂಗಳ ಆರಂಭದಲ್ಲಿಯೂ ಆಗಸ್ಟ್ ಎರಡನೆಯ ವಾರದ ಹೊತ್ತಿಗೂ ನಡುಹಗಲಿನ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ. ಆಗ ಕಣ್ಣುಗುಳಿಗಳು ಹುಬ್ಬಿನ ನೆರಳಿನಲ್ಲಿ ಮುಳುಗಿ ಮುಖದ ಭಾವವೇ ಕಾಣುವುದಿಲ್ಲ. ಅಂಥ ಹೊತ್ತಿನ ದೃಶ್ಯ ಬೇಕೇ ಬೇಕೆಂದಿದ್ದರೆ ಅಂಗಳದಲ್ಲಿ ಒಣಹಾಕಿದ ಭತ್ತವನ್ನು ನೆನಪಿಸಿಕೊಳ್ಳಿ: ಅದರ ಮೇಲೆ ಬಿದ್ದ ಬಿಸಿಲು ಹೊಂಬಣ್ಣವಾಗಿ ಪುಟಿದು ಗಲ್ಲದ ಕೆಳಗೂ ರೆಪ್ಪೆಯ ಕೆಳಗೂ ಬೆಳಕು ಚೆಲ್ಲುತ್ತದೆ. ನೆಲದಿಂದ ಪುಟಿಯುವ ಈ ಬೆಳಕನ್ನು ಸರಿಯಾಗಿ ಕೊಟ್ಟರೆ ಐದು ಗೆರೆಯ ಮುಖವೂ ತುಂಬಿ ನಿಲ್ಲುತ್ತದೆ. ಸೂರ್ಯನ ದೀಪಕ್ಕೆ ಅರ್ಧ ಡಿಗ್ರಿಯ ಅಗಲ ಕೊಡಿ, ಆಕಾಶದಲ್ಲಿ ಸೂರ್ಯ ಕಾಣುವ ಗಾತ್ರ ಅದು. ನೆರಳಿನ ಅಂಚು ಪಾದದ ಬಳಿ ಚೂಪಾಗಿ, ದೂರ ಹೋದಂತೆ ಮೆದುವಾಗುತ್ತದೆ.

ಚಲನೆ

ಹೆಚ್ಚು ದಿನಗಳನ್ನು ಇಲ್ಲಿಗೇ ಮೀಸಲಿಡಬೇಕು. ಪಾತ್ರ ಬೂದು ಬಣ್ಣದಲ್ಲಿರುವಾಗಲೇ, ಟೆಕ್ಸ್ಚರಿಗೆ ಕೈ ಹಚ್ಚುವ ಮೊದಲೇ, ಹತ್ತು ಸೆಕೆಂಡಿನ ಒಂದು ದೃಶ್ಯವನ್ನು ಪೂರ್ತಿ ಅನಿಮೇಟ್ ಮಾಡಿ. ನಾವು ಮೊದಲ ಸಲ ಈ ಕ್ರಮವನ್ನು ತಲೆಕೆಳಗು ಮಾಡಿದ್ದೆವು.

ಮೊರದಲ್ಲಿ ಅಕ್ಕಿ ಕೇರುವುದನ್ನು ಮನೆಯ ಹಿರಿಯರೊಬ್ಬರ ಕೈಯಲ್ಲಿ ಮಾಡಿಸಿ, ಅವರ ಒಪ್ಪಿಗೆ ಪಡೆದು, ಮುಂದಿನಿಂದಲೂ ಬದಿಯಿಂದಲೂ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ. ನಿಧಾನಗತಿಯಲ್ಲಿ ನೋಡಿದರೆ, ಮೊರ ಮೇಲೇಳುವ ಮೊದಲು ಒಂದು ಕ್ಷಣ ಕೆಳಗೆ ಇಳಿಯುತ್ತದೆ, ಆಮೇಲೆ ಮಣಿಕಟ್ಟು ಚಿಮ್ಮುತ್ತದೆ, ಅಕ್ಕಿ ಗಾಳಿಯಲ್ಲಿರುವಾಗ ಕೈ ಮುಂದಕ್ಕೆ ಹೋಗಿ ಅದನ್ನು ಹಿಡಿಯುತ್ತದೆ, ಭುಜ ಕೊನೆಗೆ ಅಲುಗಿ ನಿಲ್ಲುತ್ತದೆ ಎಂಬುದೆಲ್ಲ ಕಾಣುತ್ತದೆ. ಡಿಸ್ನಿಯ ಹಿರಿಯ ಕಲಾವಿದರಾದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರಲ್ಲಿ ಬರೆದಿಟ್ಟ ಅನಿಮೇಷನ್ನಿನ ಹನ್ನೆರಡು ಸೂತ್ರಗಳಲ್ಲಿ, ಮುನ್ಸೂಚನೆ, ಹಿಂಬಾಲಿಸುವ ಚಲನೆ, ಕಮಾನಿನ ದಾರಿ ಎಂಬ ಮೂರನ್ನಾದರೂ ಈ ಒಂದೇ ಕೆಲಸದಲ್ಲಿ ಕಲಿಯಬಹುದು.

ಆದರೆ ಆ ಚಿತ್ರೀಕರಣವನ್ನು ಫ್ರೇಮಿಗೆ ಫ್ರೇಮ್, ಅಂದರೆ ಅದರ ಒಂದೊಂದು ಬಿಡಿ ಚಿತ್ರವನ್ನೂ ಇದ್ದ ಹಾಗೆಯೇ, ನಕಲು ಮಾಡಬೇಡಿ. ನಾಲ್ಕು ತಲೆ ಎತ್ತರದ, ದೊಡ್ಡ ಕೈಯ ಅಜ್ಜಿಯ ಮೇಲೆ ನಿಜ ಮನುಷ್ಯರ ಚಲನೆಯನ್ನು ಹಾಗೆಯೇ ಹೊದಿಸಿದರೆ, ಬೊಂಬೆಯೊಳಗೆ ಯಾರೋ ಅವಿತು ಕುಳಿತಂತೆ ಕಾಣುತ್ತದೆ. ಕೆಳಗೆ ಇಳಿಯುವ ಆ ಒಂದು ಕ್ಷಣವನ್ನು ಇನ್ನೂ ಎರಡು ಮೂರು ಫ್ರೇಮ್ ಹಿಗ್ಗಿಸಿ, ಚಿಮ್ಮುವುದನ್ನು ಅಷ್ಟೇ ಕುಗ್ಗಿಸಿ, ಬೆನ್ನಿನ ಬಾಗುವಿಕೆಯನ್ನು ಹೆಚ್ಚಿಸಿ. ತೂಕವೂ ಉದ್ದೇಶವೂ ನಿಜವಾಗಿರಲಿ, ಅಳತೆ ಮಾತ್ರ ಪಾತ್ರಕ್ಕೆ ತಕ್ಕಂತೆ ಬದಲಾಗಲಿ. ಚಲನೆಗೆ ಏಳು ಅಂಕ ಎಂದದ್ದಕ್ಕೆ ನಾನು ಕೊಡುವ ಅರ್ಥ ಇದು. ಪರಿಚಿತ ಮುಖಗಳನ್ನು ಮೋಷನ್ ಕ್ಯಾಪ್ಚರಿನಿಂದ, ಅಂದರೆ ನಟರ ಚಲನೆಯನ್ನು ಸೆರೆಹಿಡಿದು, ನೈಜವಾಗಿ ಕಟ್ಟಲು ಹೊರಡುವುದು ಎಲ್ಲಕ್ಕಿಂತ ಕಠಿಣ ದಾರಿ. 2014ರಲ್ಲಿ ತೆರೆಕಂಡ ‘ಕೋಚಡೈಯಾನ್’ ಆ ದಾರಿಯನ್ನೇ ಹಿಡಿದಿತ್ತು, ರಜನೀಕಾಂತರ ಹುಬ್ಬಿನ ಒಂದೊಂದು ಅಲುಗಾಟವನ್ನೂ ದಶಕಗಳಿಂದ ಬಲ್ಲ ಪ್ರೇಕ್ಷಕರ ಕಣ್ಣಿಗೆ ಒಂದು ಎಳೆಯಷ್ಟು ವ್ಯತ್ಯಾಸವೂ ಮರೆಯಾಗಲು ಸಾಧ್ಯವಿರಲಿಲ್ಲ.

ಕಣ್ಣುಗಳಿಗೆ ಒಂದು ದಿನವನ್ನು ಬೇರೆಯಾಗಿ ಇಡಿ. ಕಣ್ಣಿನ ನೋಟ ಜಾರುತ್ತ ಹೋಗುವುದಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಂದೆರಡು ಫ್ರೇಮಿನಲ್ಲಿ ಹಾರುತ್ತದೆ. ಮೊಮ್ಮಗಳ ದನಿ ಕೇಳಿ ಅಜ್ಜಿ ತಿರುಗುವಾಗ ಮೊದಲು ಕಣ್ಣು ತಿರುಗಿ, ಮೂರು ನಾಲ್ಕು ಫ್ರೇಮಿನ ನಂತರ ತಲೆ ತಿರುಗಬೇಕು, ಆ ನಡುವೆ ರೆಪ್ಪೆಯೊಂದು ಬಡಿದರೆ ಇನ್ನೂ ಸಹಜ. ರೆಪ್ಪೆ ಮುಚ್ಚಲು ಎರಡು ಫ್ರೇಮ್, ತೆರೆಯಲು ಮೂರು ನಾಲ್ಕು ಫ್ರೇಮ್ ಸಾಕು. ಕಪ್ಪುಗುಡ್ಡೆಯ ಮೇಲೆ ಬೆಳಕಿನ ಒಂದು ಚುಕ್ಕೆ ಎಂದಿಗೂ ಆರಬಾರದು. ನಮ್ಮ ಮೊದಲ ಅಜ್ಜಿಯ ಕಣ್ಣು ತಲೆಯ ಜೊತೆಗೇ ನಯವಾಗಿ ಜಾರುತ್ತಿತ್ತು, ದೊಡ್ಡವ್ವ ಕಾಯಿಲೆಯೆಂದು ಗುರುತಿಸಿದ್ದು ಅದನ್ನೇ.

ಸೆಕೆಂಡಿಗೆ 24 ಫ್ರೇಮುಗಳಿರುವಾಗ ಪ್ರತಿ ಭಂಗಿಯನ್ನೂ ಎರಡು ಫ್ರೇಮ್ ಹಿಡಿದು ಹನ್ನೆರಡು ಭಂಗಿಗಳಲ್ಲಿ ಮುಗಿಸುವ ಹಳೆಯ ಪದ್ಧತಿ ಈಗ ಮತ್ತೆ ಬಳಕೆಗೆ ಬಂದಿದೆ. 2018ರ ‘ಸ್ಪೈಡರ್‌ಮ್ಯಾನ್: ಇಂಟು ದಿ ಸ್ಪೈಡರ್‌ವರ್ಸ್’ನಲ್ಲಿ, ಇನ್ನೂ ಕಲಿಯುತ್ತಿರುವ ಹುಡುಗನನ್ನು ಎರಡೆರಡು ಫ್ರೇಮಿನಲ್ಲಿಯೂ ಪಳಗಿದವನನ್ನು ಒಂದೊಂದು ಫ್ರೇಮಿನಲ್ಲಿಯೂ ಓಡಿಸಿ, ಅನುಭವದ ಅಂತರವನ್ನೇ ಚಲನೆಯಲ್ಲಿ ತೋರಿಸಿದ್ದಾರೆ. ನೀವು ಇದನ್ನು ಬಳಸುವುದಾದರೆ ಕ್ಯಾಮೆರಾ ಓಡುತ್ತಿರುವ ದೃಶ್ಯಗಳಲ್ಲಿ ಎಚ್ಚರವಿರಲಿ: ಹಿನ್ನೆಲೆ ನಯವಾಗಿ ಸರಿಯುತ್ತಿರುವಾಗ ಪಾತ್ರ ಮಾತ್ರ ನಡುಗಿದಂತೆ ಕಾಣಬಹುದು.

ಈ ಹತ್ತು ಸೆಕೆಂಡನ್ನು ತೋರಿಸುವಾಗ ಚೆನ್ನಾಗಿದೆಯೇ ಎಂದು ಕೇಳಬೇಡಿ, ನಮ್ಮವರು ಬೇಸರವಾಗದಿರಲೆಂದು ಚೆನ್ನಾಗಿದೆ ಎಂದೇ ಹೇಳುತ್ತಾರೆ. ಇವಳು ಏನು ಮಾಡುತ್ತಿದ್ದಾಳೆ ಎಂದು ಕೇಳಿ. ಎರಡನೆಯ ಸಲ ಬಣ್ಣವಿಲ್ಲದ ಬೂದು ಅಜ್ಜಿಯನ್ನು ನೋಡಿದ ದೊಡ್ಡವ್ವ, “ಅಕ್ಕಿ ಹಸನು ಮಾಡಾಕತ್ಯಾಳ. ಹರಳು ಸಿಕ್ಕೈತಿ ನೋಡು” ಎಂದರು. ಹರಳನ್ನು ನಾವು ಇನ್ನೂ ಮಾಡಿರಲಿಲ್ಲ, ಬೆರಳು ನಿಂತ ರೀತಿಯಿಂದಲೇ ಅವರಿಗೆ ಅದು ಕಂಡಿತ್ತು.

ಹಿನ್ನೆಲೆ ಮತ್ತು ರೆಂಡರ್

ಆನೆಗೊಂದಿಯ ಸುತ್ತಿನ ಬಂಡೆಗಳನ್ನು ನೋಡಿದವರಿಗೆ ಅವನ್ನು ಇದ್ದ ಹಾಗೆಯೇ ಚಿತ್ರಕ್ಕೆ ತರುವ ಆಸೆಯಾಗುವುದು ಸಹಜ. 2015ರ ‘ದಿ ಗುಡ್ ಡೈನೊಸಾರ್’ನಲ್ಲಿ ಅಮೆರಿಕದ ಭೂವಿಜ್ಞಾನ ಇಲಾಖೆಯ ನೆಲದ ಮಾಹಿತಿಯನ್ನೇ ಬಳಸಿ ಬೆಟ್ಟ ನದಿಗಳನ್ನು ಬೆರಗಾಗುವಷ್ಟು ನೈಜವಾಗಿ ಮಾಡಿದ್ದರು, ಆದರೆ ಅದರ ನಡುವೆ ಆಟಿಕೆಯಂಥ ಹಸಿರು ಡೈನೊಸಾರ್ ಬೇರೊಂದು ಚಿತ್ರದಿಂದ ತಪ್ಪಿಸಿಕೊಂಡು ಬಂದಂತೆ ನನಗೆ ಕಂಡಿತು. ಬಂಡೆಯನ್ನು ಫೋಟೊಗಳಿಂದ ಮಾಡೆಲ್ ಮಾಡುವುದಾದರೆ ಮೋಡ ಕವಿದ ದಿನ ಫೋಟೊ ತೆಗೆಯಿರಿ, ಇಲ್ಲದಿದ್ದರೆ ಅಂದಿನ ನೆರಳು ಬಂಡೆಯ ಬಣ್ಣದಲ್ಲಿಯೇ ಅಂಟಿಕೊಂಡು ಉಳಿಯುತ್ತದೆ. ಆಮೇಲೆ ಆ ಟೆಕ್ಸ್ಚರನ್ನು ಮಸುಕುಗೊಳಿಸಿ ಮೂರು ನಾಲ್ಕು ಬಣ್ಣಗಳಿಗೆ ಇಳಿಸಿ. ಆಕಾರ ಆನೆಗೊಂದಿಯದೇ ಇರುತ್ತದೆ, ಮೇಲ್ಮೈ ಅಜ್ಜಿಯ ಸೀರೆಗೆ ಹೊಂದುತ್ತದೆ.

ಲ್ಯಾಟ್ವಿಯಾದ ಗಿಂಟ್ಸ್ ಜಿಲ್ಬಲೋಡಿಸ್ ನಿರ್ದೇಶಿಸಿದ 2024ರ ‘ಫ್ಲೋ’ ಚಿತ್ರವನ್ನು ಈ ದೃಷ್ಟಿಯಿಂದ ಒಮ್ಮೆ ನೋಡಬೇಕು. ಬ್ಲೆಂಡರಿನಲ್ಲಿ ಮಾಡಿದ, 2025ರಲ್ಲಿ ಆಸ್ಕರ್ ಪಡೆದ ಆ ಚಿತ್ರದ ಬೆಕ್ಕಿನ ಮೈಮೇಲೆ ರೋಮದ ಎಳೆಗಳಿಲ್ಲ, ಕುಂಚದಿಂದ ಬಳಿದಂಥ ಬಣ್ಣವಿದೆ, ಆದರೆ ಅದು ನೀರನ್ನು ಕಂಡು ಹಿಂದೆ ಸರಿಯುವುದು ಬೆಕ್ಕು ಸರಿಯುವ ಹಾಗೆಯೇ ಇದೆ. ಅದನ್ನು ರೆಂಡರ್ ಮಾಡಿದ್ದು, ಅಂದರೆ ಆಕಾರ, ಬಣ್ಣ, ಬೆಳಕುಗಳನ್ನು ಲೆಕ್ಕ ಹಾಕಿ ಕೊನೆಯ ಚಿತ್ರಗಳನ್ನು ತೆಗೆದದ್ದು, ಬ್ಲೆಂಡರಿನ ಈವಿ ಎಂಬ ವೇಗದ ಎಂಜಿನ್ನಿನಲ್ಲಿ.

ರೆಂಡರಿನ ಲೆಕ್ಕವನ್ನು ಶೈಲಿಯ ಹಾಳೆಯ ಕೆಳಗೇ ಬರೆದಿಡಿ. ನಾಲ್ಕು ನಿಮಿಷವೆಂದರೆ 5,760 ಫ್ರೇಮುಗಳು. ನೈಜ ಚರ್ಮ, ಕೂದಲು, ಬಟ್ಟೆಗಳಿಂದ ಒಂದು ಫ್ರೇಮಿಗೆ ಹತ್ತು ನಿಮಿಷ ಹಿಡಿದರೆ 960 ಗಂಟೆ, ಅಂದರೆ ಹಗಲು ರಾತ್ರಿ ಬಿಡದೆ 40 ದಿನ. ಮೂವತ್ತು ಸೆಕೆಂಡಿಗೆ ಇಳಿಸಿದರೆ ಎರಡೇ ದಿನ. ಒಂದು ತಪ್ಪನ್ನು ತಿದ್ದಿ ಮತ್ತೆ ರೆಂಡರ್ ಮಾಡುವ ಸ್ವಾತಂತ್ರ್ಯ ಎರಡು ದಿನದ ತಂಡಕ್ಕೆ ಇರುತ್ತದೆ, 40 ದಿನದ ತಂಡಕ್ಕೆ ಇರುವುದಿಲ್ಲ. ಬೇಸಿಗೆಯಲ್ಲಿ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗುವುದಿಲ್ಲವಾದ್ದರಿಂದ, ನೇರವಾಗಿ ಒಂದೇ ವಿಡಿಯೊ ಫೈಲ್ ಮಾಡದೆ ಪ್ರತಿ ಫ್ರೇಮನ್ನೂ ಬಿಡಿ ಚಿತ್ರವಾಗಿ ಉಳಿಸಿಕೊಳ್ಳಿ, ನಿಂತ ಫ್ರೇಮಿನಿಂದಲೇ ಮುಂದುವರಿಸಬಹುದು. ಎಲ್ಲ ಸೇರಿಸಿದ ಮೇಲೆ ಕಂಪ್ಯೂಟರಿನ ತೆರೆಯ ಮೇಲಷ್ಟೇ ನೋಡದೆ, ಒಂದು ಸಾಧಾರಣ ಮೊಬೈಲಿಗೆ ಹಾಕಿಕೊಂಡು ಅಂಗಳದ ಬಿಸಿಲಿನಲ್ಲಿ ನಿಂತು ನೋಡಿ, ಅಲ್ಲಿಯೂ ಅಜ್ಜಿಯ ಕಣ್ಣು ಯಾವ ಕಡೆ ನೋಡುತ್ತಿದೆ ಎಂಬುದು ತಿಳಿಯದಿದ್ದರೆ ಆ ದೃಶ್ಯದ ಬೆಳಕನ್ನು ತಿದ್ದಿ ಅಷ್ಟು ಫ್ರೇಮುಗಳನ್ನು ಮಾತ್ರ ಮತ್ತೆ ರೆಂಡರಿಗೆ ಹಾಕಿ.